ಏರಿಯ ಮೇಲೆ ನಿಂತ ಜೀಪು

ಜೀಪು ಮತ್ತೆ ನಿಂತಿತು. ಬ್ಯಾಡಗಿ ದಾಟಿ, ಡಾಂಬರು ಬಿಟ್ಟು ಹೊಲದ ದಾರಿಗೆ ಹೊರಳಿ ಇನ್ನೂ ಎರಡನೇ ಗೇರಿಗೆ ಬಂದಿರಲಿಲ್ಲ, ಅಷ್ಟರಲ್ಲೇ ಎಂಜಿನ್ನಿನ ಸದ್ದು ಇಲ್ಲವಾಯಿತು. ಸುರೇಖಾ ಸ್ಟೇರಿಂಗಿಗೆ ಅಂಗೈಯಿಂದ ಗುದ್ದಿದಳು. ಕೀಲಿ ತಿರುವಿದಳು. ಸ್ಟಾರ್ಟರ್ ಗರಗರ ತಿರುಗಿತೇ ಹೊರತು ಎಂಜಿನ್ ಹತ್ತಲಿಲ್ಲ.

"ಮುಗೀತು ಇವತ್ತಿಂದು," ಎಂದಳು ಹಿಂದೆ ಕೂತಿದ್ದ ಜಯವ್ವ. ಅವಳ ಜೊತೆ ಹಲಗೇರಿಯ ಹೆಂಗಸರು ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಒತ್ತೊತ್ತಾಗಿ ಕೂತಿದ್ದರು. "ಬಿಸಲು ಏರಿದ ಮ್ಯಾಲ ಹೂವು ಮುಟ್ಟಿ ಏನ್ ಮಾಡೋದೈತಿ?"

ಅವಳು ಹೇಳಿದ್ದು ಸುಳ್ಳಲ್ಲ. ಸುರೇಖಾ ಬೀಜದ ಕಂಪನಿಯೊಂದಕ್ಕೆ ಹೈಬ್ರಿಡ್ ಮೆಣಸಿನಕಾಯಿ ಬೀಜ ಬೆಳೆಸುವ ಹೊಲಗಳನ್ನು ನೋಡಿಕೊಳ್ಳುತ್ತಿದ್ದಳು. ಒಂದು ತಳಿಯ ಹೂವಿನ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೈಯಾರೆ ಮುಟ್ಟಿಸುವ ಕೆಲಸ. ಬೆಳಗಿನ ತಂಪಿನಲ್ಲಿ ಮುಗಿಯಬೇಕು. ತಡವಾದರೆ ಅವತ್ತು ಅರಳಿದ ಹೂವೆಲ್ಲ ದಂಡ. ಆ ಕೈಚಳಕ ಹಲಗೇರಿಯ ಈ ಹೆಂಗಸರಿಗಿತ್ತು, ಅವರಲ್ಲೂ ಜಯವ್ವನಿಗೆ. ಹಲಗೇರಿ ಸುರೇಖಾಳ ತವರು. ಜಯವ್ವ ಅವಳನ್ನು ಎತ್ತಿ ಆಡಿಸಿದವಳು, ಅವಳ ಬಾಯಲ್ಲಿ 'ಚಿಗವ್ವ'. ಜೀಪೂ ತವರಿನದೇ, ಅಪ್ಪನದು. ನಾಲ್ಕೂ ಗಾಲಿ ಎಳೆಯುವ ಗಾಡಿ. ಮಳೆ ಬಿದ್ದು ಎರೆಮಣ್ಣು ಅಂಟಿನಂತಾದಾಗ ಬೇರೆ ಗಾಡಿಗಳು ಹೂತು ಕೂತ ಕಡೆ ಇದು ಗುಟುರು ಹಾಕುತ್ತ ದಾಟುತ್ತಿತ್ತು. ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪ ಹೊಲದಲ್ಲಿ ಅವಳ ಕೈಗೆ ಸ್ಟೇರಿಂಗ್ ಕೊಟ್ಟಿದ್ದ.

ಅವಳು ಗಂಡನಿಗೆ ಫೋನ್ ಮಾಡಿದಳು. ವಿಜಯಮಹಾಂತೇಶ ಬ್ಯಾಡಗಿ ಪೇಟೆಯಲ್ಲಿ ತನ್ನ ಅಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕೂಡುತ್ತಿದ್ದ. ಮನೆ ರಾಣೆಬೆನ್ನೂರು, ಅಂಗಡಿ ಬ್ಯಾಡಗಿ. ಹಾಗಾಗಿ ಜೀಪು ನಿಂತಲ್ಲಿಗೆ ಬೈಕಿನಲ್ಲಿ ಬರುವುದು ಅವನಿಗೆ ದೂರವಲ್ಲ. ಬಂದ. ಬೈಕು ನಿಲ್ಲಿಸಿ, ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಏನೋ ಒತ್ತಿದ. ಆಮೇಲೆ ಬಾನೆಟ್ ಎತ್ತಿ ಅಲ್ಲೊಂದು ವೈರು ಅಲುಗಾಡಿಸಿದ, ಇಲ್ಲೊಂದು ಪೈಪು ತಟ್ಟಿದ.

"ಈಗ ಹಚ್ಚು."

ಜೀಪು ಒಂದೇ ಸಲಕ್ಕೆ ಚಾಲೂ ಆಯಿತು. ಹೆಂಗಸರು ಬೆರಗಾಗಿ ನಕ್ಕರು. "ಸಾವ್ಕಾರ್ರ ಕೈಯಾಗ ಏನೋ ಐತಿ ನೋಡ್ರವಾ," ಎಂದಳು ಒಬ್ಬಳು. ವಿಜಯಮಹಾಂತೇಶ ಕೈ ಒರೆಸಿಕೊಳ್ಳುತ್ತ ಕಿಟಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಹಳೇ ಗಾಡಿ, ಹೊಲದ ದಾರಿ. ಯಾಕ ಇಷ್ಟ ತ್ರಾಸು ತಗೋತೀ? ಬಿಟ್ಟಬಿಡು."

ಪ್ರತಿಸಲ ಇದೇ ನಡೆಯುತ್ತಿತ್ತು. ಪ್ರತಿಸಲ ಸುರೇಖಾಗೆ ಉಪಕಾರವೂ ಅವಮಾನವೂ ಒಟ್ಟಿಗೇ ಆಗುತ್ತಿದ್ದವು. ಮನೆಯಲ್ಲಿ ಅತ್ತೆ ಪ್ರೇಮವ್ವ ಮಗನ ಕೈಗುಣ ಹೊಗಳುತ್ತಿದ್ದಳು. ಮಾವ ಶಂಕ್ರಪ್ಪ ರೊಟ್ಟಿ ಮುರಿಯುತ್ತ, ಯಾರನ್ನೂ ನೋಡದೆ, "ಪೇಟ್ಯಾಗ ಮಂದಿ ಕೇಳಾಕತ್ತಾರ, ನಿಮ್ಮ ಸೊಸಿ ಡ್ರೈವರ್ ಕೆಲಸ ಹಿಡದಾಳೇನು ಅಂತ," ಎನ್ನುತ್ತಿದ್ದ. ಮಗ ತಲೆ ತಗ್ಗಿಸಿ ಉಣ್ಣುತ್ತಿದ್ದ. ಹೆಂಡತಿಯ ಪರ ಒಂದು ಮಾತಿಲ್ಲ, ವಿರೋಧವೂ ಇಲ್ಲ.

ರಾಣೆಬೆನ್ನೂರಿನ ಗ್ಯಾರೇಜುಗಳನ್ನು ಅವಳು ಸುತ್ತಿದಳು. ಒಬ್ಬ ಡೀಸೆಲ್ ಫಿಲ್ಟರ್ ಬದಲಿಸಿದ. ಇನ್ನೊಬ್ಬ ಡೀಸೆಲ್ ಟ್ಯಾಂಕು ಇಳಿಸಿ ತೊಳೆದ. ಮತ್ತೊಬ್ಬ ಏನೂ ಬಿಚ್ಚದೆ, ಅವಳ ಮುಖ ನೋಡಿ ನಕ್ಕ. "ಕ್ಲಚ್ಚಿನ ಮ್ಯಾಲ ಕಾಲಿಟ್ಟಕೊಂಡ ಹೊಡೀತೀರೇನ್ರಿ ಅಕ್ಕಾರ? ಹೆಣ್ಮಕ್ಕಳು ಹೊಡದ ಗಾಡಿ ಹಿಂಗ ಆಗತಾವ."

ಅವಳು ಅವನ ಸ್ಪ್ಯಾನರ್ ಎತ್ತಿ ಅವನ ಟೇಬಲ್ಲಿನ ಗಾಜಿನ ಮೇಲೆಯೇ ಕುಕ್ಕಿ ಹೊರಗೆ ಬಂದಿದ್ದಳು.

ಮುಂಗಾರಿನ ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ಕೆರೆಯ ಏರಿ ಹತ್ತುತ್ತಿದ್ದಾಗ ಅನಾಹುತವಾಯಿತು. ಏರಿ ಕಡಿದಾಗಿತ್ತು, ಮಣ್ಣು ಜಾರುತ್ತಿತ್ತು. ನಾಲ್ಕೂ ಗಾಲಿ ಹಚ್ಚಿ, ಸಣ್ಣ ಗೇರಿನಲ್ಲಿ ಜೀಪನ್ನು ಮೇಲಕ್ಕೆ ತರುತ್ತಿದ್ದಳು. ಇನ್ನೇನು ಏರಿಯ ತಲೆ ಕಾಣಬೇಕು, ಎಂಜಿನ್ ಸತ್ತಿತು. ಮತ್ತೆ ಹಚ್ಚಲೆಂದು ಕ್ಲಚ್ ಒತ್ತಿದಳು. ಜೀಪು ಹಿಂದಕ್ಕೆ ಜಾರಿತು. ಬ್ರೇಕ್ ತುಳಿದಳು. ಎಂಜಿನ್ನಿನ ಬಲವಿಲ್ಲದ ಬ್ರೇಕು ಕಲ್ಲಿನಂತಾಗಿತ್ತು. ಎರಡೂ ಕಾಲು ಊರಿ ತುಳಿದಳು, ಹ್ಯಾಂಡ್ ಬ್ರೇಕ್ ಎಳೆದಳು. ಹಿಂದೆ ಹೆಂಗಸರು ಚೀರುತ್ತಿದ್ದರು. ಒಂದು ಕಡೆ ಕೆರೆಯ ನೀರು, ಇನ್ನೊಂದು ಕಡೆ ಜಾಲಿಕಂಟಿ. ಅವಳು ಸ್ಟೇರಿಂಗ್ ತಿರುವಿ ಜಾಲಿಯೊಳಕ್ಕೆ ನುಗ್ಗಿಸಿದಳು. ಗಾಡಿ ಓರೆಯಾಗಿ ನಿಂತಿತು. ಉಳಿದವರಿಗೆ ತರಚುಗಾಯ. ಕಂಬಿ ಹಿಡಿದುಕೊಂಡಿದ್ದ ಜಯವ್ವನ ಬಲಗೈ ಮಣಿಕಟ್ಟು ಮುರಿದಿತ್ತು.

ವಿಜಯಮಹಾಂತೇಶ ಅವತ್ತೂ ಬಂದ, ಆದರೆ ಬಾನೆಟ್ ಮುಟ್ಟಲಿಲ್ಲ. ಜಯವ್ವನನ್ನು ನೋಡಿದ್ದೇ ಬಿಳಿಚಿಕೊಂಡ. ಕಾರು ತರಿಸಿ, ತಾನೇ ಅವಳನ್ನು ಎತ್ತಿ ಕೂರಿಸಿ, ಹಾವೇರಿಯ ಆಸ್ಪತ್ರೆಗೆ ಒಯ್ದ. ಕೈಗೆ ಪಟ್ಟಿ ಕಟ್ಟುವವರೆಗೂ ಅವಳ ಹತ್ತಿರವೇ ನಿಂತಿದ್ದ. ನೋವಿನಲ್ಲೂ ಜಯವ್ವ ಅವನ ತಲೆ ಸವರಿ, "ನಿನ್ನ ಹೊಟ್ಟಿ ತಣ್ಣಗಿರಲಿ ನನ್ನಪ್ಪಾ," ಎಂದಿದ್ದಳು.

ಮನೆಯಲ್ಲಿ ಶಂಕ್ರಪ್ಪ ತೀರ್ಮಾನ ಹೇಳಿದ: "ಸಾಕಿನ್ನ. ಗಾಡಿ ಮಾರಿಬಿಡ್ರಿ."

"ಗಾಡಿ ನಮ್ಮಪ್ಪಂದು. ಮಾರಂಗಿಲ್ಲ," ಎಂದಳು ಸುರೇಖಾ. "ಅದಕ್ಕೇನಾಗೇತಿ ಅಂತ ತಿಳಕೊಂಡ ತಿಳಕೋತೇನಿ. ಚಿಗವ್ವನ ಕೈ ನಾ ಮುರದೇನಿ ಅಂತ ಊರೆಲ್ಲ ಅನ್ನಾಕತ್ತೇತಿ. ಖರೇ ಏನಂತ ನನಗ ಗೊತ್ತಾಗಬೇಕು."

ಹಾವೇರಿಯಲ್ಲಿ ನಬಿಸಾಬನ ಗ್ಯಾರೇಜು ಜೀಪುಗಳಿಗೆ ಹೆಸರಾದದ್ದು. ನಬಿಸಾಬ ವಯಸ್ಸಾದವನು, ಬಿರುಸು ಮಾತಿನವನು. ಅರ್ಧ ಕೇಳುವಷ್ಟರಲ್ಲೇ ಕೈಯಾಡಿಸಿದ. "ಗಾಳಿ ಹಿಡೀತೈತಿ ಬಿಡ್ರಿ. ಡೀಸೆಲ್ ಪೈಪು ಎಲ್ಲೋ ಸಡ್ಲ ಆಗೇತಿ, ಏರಿನ್ಯಾಗ ಗಾಳಿ ಎಳಕೊಂತೈತಿ." ಪೈಪು, ವಾಶರು, ಕ್ಲಿಪ್ಪು ಎಲ್ಲ ಹೊಸದು ಹಾಕಿದ. ಇಡೀ ದಿನ ಹಾವೇರಿಯ ಸುತ್ತ ಓಡಿಸಿ ನೋಡಿದ. ಒಮ್ಮೆಯೂ ನಿಲ್ಲಲಿಲ್ಲ. ಸುರೇಖಾ ಖುಷಿಯಿಂದ ಹೊರಟಳು. ಮೋಟೆಬೆನ್ನೂರು ದಾಟಿ ಬ್ಯಾಡಗಿ ರಸ್ತೆಗೆ ಹೊರಳಿದ್ದೇ ತಡ, ಜೀಪು ನಿಂತಿತು. ಗಂಡ ಬಂದ, ವೈರು ಅಲುಗಾಡಿಸಿದ, ಹತ್ತಿತು.

ಮರುದಿನ ಬೆಳಿಗ್ಗೆ ಅವಳು ನಬಿಸಾಬನ ಮುಂದೆ ಜೀಪು ತಂದು ನಿಲ್ಲಿಸಿ ಅದರಿಂದ ಜಿಗಿದಳು.

"ನಿಮ್ಮ ಹೆಸರು ಕೇಳಿ ಬಂದೆ ಕಾಕಾ! ಎಲ್ಲಾರಂಗ ನೀವೂ ಅಂದಾಜಿಗೆ ಕೈ ಹಾಕಿದ್ರಿ! ನನ್ನ ಗಾಡ್ಯಾಗ ಒಬ್ಬಾಕಿ ಕೈ ಮುರಕೊಂಡ ಕುಂತಾಳ, ಗೊತ್ತೈತೇನು?"

"ದನಿ ಇಳಿಸ್ರಿ! ಗಾಳಿ ಹೊಕ್ಕ ಗಾಡಿ ಹೆಂಗ ನಿಂದರತೈತಿ ನನಗ ಗೊತ್ತಿಲ್ಲೇನು? ಕೆಮ್ಮಿ ಕೆಮ್ಮಿ, ಜಗ್ಗಾಡಿ ಜಗ್ಗಾಡಿ..."

"ನಂದು ಕೆಮ್ಮಂಗಿಲ್ಲ. ಟಪ್ ಅಂತ ನಿಂದರತೈತಿ. ನಾನ ಕೀಲಿ ತಿರುವಿ ಬಂದ್ ಮಾಡಿದಂಗ."

ನಬಿಸಾಬ ಜೀಪಿನ ಕಡೆ ತಿರುಗಿದ. "ಇದನ್ನ ಮೊದ್ಲ ಯಾಕ ಹೇಳಲಿಲ್ಲ?"

"ನೀವು ಕೇಳಿದ್ರೇನು? ಯಾವನರೇ ಒಬ್ಬಾಂವ ಕೇಳಿದನೇನು?"

ಅವನು ಬಾನೆಟ್ ಎತ್ತಿ ಅವಳನ್ನು ಕರೆದು ತೋರಿಸಿದ. ಡೀಸೆಲ್ ಪಂಪಿನ ಮೇಲೆ ಒಂದು ಸಣ್ಣ ಸೊಲೆನಾಯ್ಡು. ಕರೆಂಟು ಬರುತ್ತಿದ್ದರೆ ಡೀಸೆಲ್ ಬಿಡುತ್ತದೆ, ಕರೆಂಟು ತಪ್ಪಿದರೆ ಮುಚ್ಚಿಕೊಳ್ಳುತ್ತದೆ. "ಟಪ್ ಅಂತ ನಿಂತ್ರ ಇದಕ್ಕ ಕರೆಂಟು ತಪ್ಪತೈತಿ ಅಂತ ಅರ್ಥ. ಆದ್ರ ನಿಂತಾಗ ನೋಡಬೇಕು. ಇಲ್ಲಿ ನಿಂದ್ರಂಗಿಲ್ಲಲ್ಲ ಇದು."

ಸುರೇಖಾ ಯೋಚಿಸಿದಳು. ಅಪ್ಪನ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಡಬ್ಬಿಯ ಮೇಲೆ, ಕರೆಂಟು ಬಂದದ್ದು ಮನೆಯಿಂದಲೇ ಕಾಣಲೆಂದು, ಒಂದು ಬಲ್ಬು ಇರುತ್ತಿತ್ತು. "ಈ ವೈರಿಗೆ ಒಂದು ಬಲ್ಬು ಕೊಟ್ಟು ನನ್ನ ಮುಂದ ತಂದಿಡ್ರಿ," ಎಂದಳು. "ಹೊಡಕೋತ ನೋಡತೇನಿ. ಬಲ್ಬು ಆರಿ ಎಂಜಿನ್ ನಿಂತ್ರ ಕರೆಂಟಿಂದು. ಬಲ್ಬು ಇದ್ದೂ ನಿಂತ್ರ ಡೀಸೆಲ್ಲಿಂದು."

"ಹಾಂ. ಹಂಗ ಮಾಡೂಣು," ಎಂದ ನಬಿಸಾಬ. ಈ ಸಲ ಗಾಡಿಯಲ್ಲಿ ತಾನೂ ಬರುತ್ತೇನೆಂದು ಪಕ್ಕಕ್ಕೆ ಹತ್ತಿ ಕೂತ.

ಬಲ್ಬು ಡ್ಯಾಶ್‌ಬೋರ್ಡಿನ ಮೇಲೆ, ಟೇಪಿನಲ್ಲಿ ಅಂಟಿಕೊಂಡು ಉರಿಯುತ್ತಿತ್ತು. ಹಾವೇರಿ ದಾಟಿದರು. ಹೆದ್ದಾರಿಯಲ್ಲಿ ಲಾರಿಗಳ ನಡುವೆ ಜೀಪು ಎಳೆಯಿತು. ಮೋಟೆಬೆನ್ನೂರು ಬಂತು. ಬ್ಯಾಡಗಿ ರಸ್ತೆಗೆ ಹೊರಳಿ, ಅಕ್ಕಪಕ್ಕ ಗೋವಿನಜೋಳದ ಹೊಲಗಳಿರುವ ನೆಟ್ಟನೆಯ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿದ್ದರು. ಬಲ್ಬು ಆರಿತು. ಅದರ ಹಿಂದೆಯೇ ಎಂಜಿನ್ ನಿಂತಿತು.

"ಹಿಡದ್ವಿ," ಎಂದ ನಬಿಸಾಬ. ಜೀಪು ಪಕ್ಕಕ್ಕೆ ಉರುಳಿ ನಿಂತಿತು. ಅವನು ಟಾರ್ಚು ಹಿಡಿದು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ಹಾಕಿದ. ಸೊಲೆನಾಯ್ಡಿನ ವೈರನ್ನೇ ಹಿಡಿದುಕೊಂಡು ಅದು ಎಲ್ಲಿಂದ ಬಂದಿದೆಯೆಂದು ನೋಡುತ್ತ ಹೋದ. ಒಂದು ಕಡೆ ಅದನ್ನು ಯಾರೋ ಕತ್ತರಿಸಿ ನಡುವೆ ಇನ್ನೇನೋ ಜೋಡಿಸಿದ್ದರು. ಹೊಸ ಟೇಪು. ಎಳೆದಾಗ ಕರಿ ಡಬ್ಬಿಯೊಂದು ಹೊರಗೆ ಬಂತು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಅದರಲ್ಲಿ ಹಸಿರು ದೀಪ ಮಿಣುಕುತ್ತಿತ್ತು.

"ಇದನ್ನ ಯಾವಾಗ ಹಾಕಿಸಿದ್ರಿ ಅಕ್ಕಾರ?"

"ಏನದು?"

"ಲಾರಿ ಮಾಲಕರು ಹಾಕಸ್ತಾರ. ಗಾಡಿ ಎಲ್ಲೈತಿ ಅಂತ ಮೊಬೈಲ್‌ನ್ಯಾಗ ಕಾಣತೈತಿ. ಕಳುವಾದ್ರ ಕುಂತಲ್ಲೇ ಮೊಬೈಲ್ ಒತ್ತಿ ಗಾಡಿ ಬಂದ್ ಮಾಡಬಹುದು." ಹೇಳುತ್ತ ಹೇಳುತ್ತ ಅವನ ದನಿ ಸಣ್ಣದಾಯಿತು. "ನೀವು ಹಾಕಿಸಿಲ್ಲೇನು?"

ಅವಳು ಉತ್ತರ ಕೊಡುವ ಮೊದಲೇ ಸೀಟಿನ ಮೇಲಿದ್ದ ಅವಳ ಫೋನು ಬಡಿದುಕೊಂಡಿತು. ಗಂಡ.

"ಸುರೇಖಾ, ಮತ್ತ ನಿಂತತಲ್ಲ? ಅಲ್ಲೇ ಇರು. ಬರ್ತೇನಿ."

ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಹೊತ್ತೇ ಆಗಿರಲಿಲ್ಲ. ಏರಿಯ ಮೇಲೆ ಕಾಲಡಿ ಕಲ್ಲಾದ ಬ್ರೇಕು, ಹಿಂದಿನ ಚೀರಾಟ, ಗ್ಯಾರೇಜಿನವನ ನಗು, ಅತ್ತೆಯ ಹೊಗಳಿಕೆ, ಎಲ್ಲ ಒಮ್ಮೆಲೇ ನೆನಪಾದವು. ತಾನು ಪ್ರತಿಸಲ ಈ ಮನುಷ್ಯನಿಂದ ಪಡೆದ ಉಪಕಾರ!

"ಬರ್ರಿ," ಎಂದಳು.

ನಬಿಸಾಬ ಕಟರ್ ತೆಗೆದಿದ್ದ. ಅವಳು ತಡೆದಳು. "ಅದು ಎಲ್ಲಿತ್ತೋ ಅಲ್ಲೇ ಇರ್ಲಿ ಕಾಕಾ. ನನ್ನ ಕಣ್ಣಿಂದ ನಾನ ನೋಡಬೇಕು."

ಕೀಲಿ ತಿರುವಿ ಹಾಗೇ ಬಿಟ್ಟು, ಆರಿದ ಬಲ್ಬಿನ ಮುಂದೆ ಕೂತಳು. ಬೈಕು ಬಂತು. ವಿಜಯಮಹಾಂತೇಶ ನಬಿಸಾಬನನ್ನು ನೋಡಿ ಕೊಂಚ ತಡವರಿಸಿದ, ನಮಸ್ಕಾರ ಮಾಡಿದ. ನಂತರ ಯಾವತ್ತಿನಂತೆ ಬೈಕಿನ ಕಡೆ ತಿರುಗಿ, ಬೆನ್ನು ಕೊಟ್ಟು ಫೋನು ತೆಗೆದ.

ಬಲ್ಬು ಹತ್ತಿತು.

ಅವನಿನ್ನೂ ಜೀಪಿನ ಹತ್ತಿರ ಬಂದೇ ಇರಲಿಲ್ಲ. ಫೋನು ಕಿಸೆಗಿಳಿಸಿ ಬಂದು ಬಾನೆಟ್ ಎತ್ತಿದ. ಒಳಗೆ ಬಗ್ಗಿ ಅಲುಗಾಡಿಸಿದ, ತಟ್ಟಿದ. ಹಣೆಯ ಬೆವರು ಒರೆಸಿಕೊಂಡ. "ಹಾಂ, ಈಗ ಹಚ್ಚು."

ಸುರೇಖಾ ಹಚ್ಚಲಿಲ್ಲ. ಕೆಳಗಿಳಿದು ಬಂದು ಅವನ ಕೈಯಡಿಯಿಂದ ಬಾನೆಟ್ ದಢಾರನೆ ಮುಚ್ಚಿದಳು. ಇನ್ನೊಂದು ಗಳಿಗೆ ತಡವಾಗಿದ್ದರೆ ಅವನ ಬೆರಳು ಸಿಕ್ಕಿಕೊಳ್ಳುತ್ತಿದ್ದವು.

"ಯಾವ ವೈರು ಹಿಡದಿದ್ದಿ? ಹೆಸರು ಹೇಳು."

ಮದುವೆಯಾದಾಗಿನಿಂದ ಅವಳು ಅವನನ್ನು ಏಕವಚನದಲ್ಲಿ ಮಾತಾಡಿಸಿರಲಿಲ್ಲ. ಅವನು ಅದಕ್ಕೇ ಮೊದಲು ಬೆಚ್ಚಿಬಿದ್ದ.

"ಏನಾತು ನಿನಗ? ಮಂದಿ ಮುಂದ..."

"ಡ್ಯಾಶ್‌ಬೋರ್ಡಿನ ಬುಡಕ ಒಂದು ಕರೇ ಡಬ್ಬಿ ಐತಿ. ಸೀಟಿನ ಕವರ್ ಹೊಲಿಸ್ಕೊಂಡ ಬರ್ತೇನಿ ಅಂತ ದಾವಣಗೆರಿಗೆ ಒಯ್ದಿದ್ದೆಲ್ಲ, ಅವತ್ತ ಹಾಕ್ಸಿದೇನು?"

ಅವನು ನಬಿಸಾಬನ ಕಡೆ ನೋಡಿದ. ನಬಿಸಾಬ ಮುಖ ತಿರುಗಿಸಿ ಗೋವಿನಜೋಳ ನೋಡುತ್ತ ನಿಂತ.

"ನಿನ್ನ ಕಾಳಜಿಗೆ ಹಾಕ್ಸಿದ್ದು," ಎಂದ ಕೊನೆಗೆ. "ಒಬ್ಬಾಕಿ ಅಡ್ಡಾಡತಿ, ಎಲ್ಲಿದ್ದಿ ಅಂತ ಗೊತ್ತಿರ್ಲಿ ಅಂತ."

"ಎಲ್ಲಿದ್ದೀನಿ ಅಂತ ನೋಡಾಕ ಹಾಕಿದ್ದು ಗಾಡಿ ಯಾಕ ಬಂದ್ ಮಾಡ್ತು?"

"ಅಪ್ಪ ದಿನಾ ನನ್ನ ಜೀಂವಾ ತಿಂತಿದ್ದ. ಕೆಲಸ ಬಿಡು ಅಂತ ನಿನಗ ಹೇಳಾಕ ನನ್ನ ಕಡಿಂದ ಆಗಲಿಲ್ಲ. ನಾಕ ಸಲ ಗಾಡಿ ಕೆಟ್ರ ನೀನ ಬ್ಯಾಸತ್ತು ಬಿಡತಿ ಅಂತ..." ಅವನು ಕಿಸೆಯ ಫೋನು ಮುಟ್ಟಿಕೊಂಡ. "ಏರಿ ಮ್ಯಾಲ ಇದ್ದಿ ಅಂತ ನನಗ ಗೊತ್ತಿರಲಿಲ್ಲ, ಆಣಿಗೂ. ಮೊಬೈಲ್‌ನ್ಯಾಗ ಬರೇ ಒಂದು ಗೆರಿ ಕಾಣತೈತಿ. ಆಮ್ಯಾಲ ನಾ ಸಪಾಟ ರಸ್ತೆ ನೋಡೇ ಬಂದ್ ಮಾಡೇನಿ."

ಅವಳು ಅವನನ್ನೇ ನೋಡಿದಳು. ತನ್ನ ಪರವಾಗಿ ಹೇಳಿಕೊಂಡ ಈ ಕೊನೆಯ ಮಾತು ಎಂಥದ್ದೆಂದು ಅವನಿಗೆ ತಿಳಿದಿರಲೇ ಇಲ್ಲ.

"ಅಂದ್ರ, ಚಿಗವ್ವನ ಕೈ ಮುರದ ಮ್ಯಾಲೂ ಒತ್ತಿದಿ."

ಅವನು ಬೈಕಿನ ಕಡೆ ನೋಡಿದ.

"ಹೆದರಿ ಬಿಡಲಿಲ್ಲ. ಜಾಗಾ ನೋಡಿ ಒತ್ತಿದಿ. ನಾ ಇವತ್ತ ಮುಂಜಾನೆ ಈ ಮುದುಕಗ ಬಾಯಿಗೆ ಬಂದಂಗ ಬೈದೆ. ಮೂರೂ ಹೊತ್ತೂ ನನ್ನ ಕಾಲು, ನನ್ನ ಕೈ, ನನ್ನ ಕಣ್ಣಾಗ ಏನ ತಪ್ಪೈತಿ ಅಂತ ನಾ ಹುಡುಕಾಕತ್ತಿದ್ದೆ. ನೀ ಬಾಜೂಕ ಕುಂತು ರೊಟ್ಟಿ ತಿಂದಿ!"

"ಮನ್ಯಾಗ ಮಾತಾಡೂಣು ನಡಿ."

"ಮನ್ಯಾಗಲ್ಲ. ಹಲಗೇರಿಯಾಗ. ಹತ್ತು."

ನಬಿಸಾಬ ಡಬ್ಬಿ ಕತ್ತರಿಸಿ ತೆಗೆದು, ವೈರು ನೇರ ಜೋಡಿಸಿ, ಗಟ್ಟಿ ಟೇಪು ಸುತ್ತಿದ. ಡಬ್ಬಿಯನ್ನು ಅವಳ ಕೈಗೆ ಕೊಡುತ್ತ, "ನಾನೂ ಮೊದಲ ಸರಿಯಾಗಿ ಕೇಳಬೇಕಾಗಿತ್ತು ಬೇಟಿ," ಎಂದಷ್ಟೇ ಹೇಳಿ ಹಾವೇರಿಗೆ ಹೋಗುವ ಬಸ್ಸಿಗೆ ಕೈ ಮಾಡಿದ.

ವಿಜಯಮಹಾಂತೇಶ ಬೈಕನ್ನು ರಸ್ತೆಯ ಪಕ್ಕದಲ್ಲೇ ಬಿಟ್ಟು ಹತ್ತಿದ. ರಾಣೆಬೆನ್ನೂರು ಹಾದು ಹಲಗೇರಿ ಮುಟ್ಟುವವರೆಗೆ ಜೀಪು ಒಂದು ಕಡೆಯೂ ನಿಲ್ಲಲಿಲ್ಲ. ಅದು ಚೆನ್ನಾಗಿ ಓಡಿದಷ್ಟೂ ಸುರೇಖಾಳ ಸಿಟ್ಟು ಏರುತ್ತಿತ್ತು.

ಜಯವ್ವ ಪಡಸಾಲೆಯಲ್ಲಿ ಎಡಗೈಯಿಂದ ಶೇಂಗಾ ಸುಲಿಯುತ್ತ ಕೂತಿದ್ದಳು. ಆ ಕೈಗೆ ಅದು ಒಗ್ಗುತ್ತಿರಲಿಲ್ಲ. ಕಾಳು ಚೆಲ್ಲಾಪಿಲ್ಲಿಯಾಗಿದ್ದವು. ವಿಜಯಮಹಾಂತೇಶನನ್ನು ಕಂಡು ಮುಖ ಅರಳಿಸಿದಳು. "ಬಾ ನನ್ನಪ್ಪಾ, ಕುಂದ್ರು."

"ಹೇಳು," ಎಂದಳು ಸುರೇಖಾ.

ಅವನು ನಿಂತೇ ಶುರುಮಾಡಿದ. "ಅವತ್ತ ಗಾಡ್ಯಾಗ ಸ್ವಲ್ಪ ಕರೆಂಟಿನ ತೊಂದರಿ..."

"ಖರೇ ಹೇಳು."

ಹೇಳಿದ. ತುಂಡು ತುಂಡಾಗಿ, ನೆಲ ನೋಡುತ್ತ. ಜಯವ್ವನಿಗೆ ಮೊದಲು ತಿಳಿಯಲಿಲ್ಲ. ಬ್ಯಾಡಗಿಯ ಅಂಗಡಿಯಲ್ಲಿ ಕೂತವನು ಕೆರೆ ಏರಿಯ ಮೇಲಿನ ಗಾಡಿ ನಿಲ್ಲಿಸುವುದೆಂದರೇನು? ಸುರೇಖಾ ಡಬ್ಬಿ ತೋರಿಸಿ, ಅವನ ಫೋನು ತೋರಿಸಿ ಬಿಡಿಸಿ ಹೇಳಿದಳು. ತಿಳಿದ ಮೇಲೆ ಜಯವ್ವ ಮೊರವನ್ನು ಪಕ್ಕಕ್ಕಿಟ್ಟಳು.

"ದವಾಖಾನ್ಯಾಗ ನನ್ನ ಹತ್ರ ನಿಂತಿದ್ದೆಲ್ಲ. ನಾ ನಿನ್ನ ತಲಿ ಸವರಿದೆ. ಅವಾಗ ಗೊತ್ತಿತ್ತೇನು ನಿನಗ?"

"ಗೊತ್ತಿತ್ರಿ."

"ಗೊತ್ತಿದ್ದೂ ಸವರಿಸ್ಕೊಂಡಿ." ಅವಳು ಪಟ್ಟಿ ಕಟ್ಟಿದ ಕೈ ಎತ್ತಿ ಹಿಡಿದಳು. "ಈ ಕೈಯಿಂದ ನಾ ಹೂವು ಮುಟ್ಟಿದ್ರ ಕಾಯಿ ಕಟ್ಟತಿತ್ತೋ ಭಾಡ್ಯಾ! ಡಾಕ್ಟರು ಬೆರಳು ಮೊದಲಿನಂಗ ಬಗ್ಗಂಗಿಲ್ಲ ಅಂದಾನ. ನಿನ್ನ ಹೆಂಡತಿ ಮನ್ಯಾಗಿರ್ಲಿ ಅಂತ ನನ್ನ ಕೈ ತಗೊಂಡೀ? ಹೊರಗ ನಡಿ. ನನ್ನ ಹೊಸ್ತಲದಾಗ ನಿಂದ್ರಬ್ಯಾಡ."

ಅವನು ಅಂಗಳಕ್ಕಿಳಿದ. ಜಯವ್ವ ಸುರೇಖಾಳ ಕಡೆ ತಿರುಗಿದಳು. ಅವಳ ಸಿಟ್ಟು ಅಲ್ಲಿಗೇ ಮುಗಿದಿರಲಿಲ್ಲ.

"ನಿನಗೂ ತಿಳಿಲಿಲ್ಲೇನ? ಪಂಕ್ಚರ್ ತಗಿಯಾಕ ಬರದಾಂವ ಕೈ ಇಟ್ರ ಗಾಡಿ ಹತ್ತತೈತಿ ಅಂದ್ರ, ಇಷ್ಟ ಓದೀದಿ, ಒಮ್ಮೆ ಅನುಮಾನ ಬರಲಿಲ್ಲೇನು?"

ಸುರೇಖಾ ನೆಲದ ಮೇಲೆ ಕೂತು ಚೆಲ್ಲಿದ ಶೇಂಗಾಕಾಳು ಆರಿಸತೊಡಗಿದಳು. ಜಯವ್ವ ಬೇಡವೆನ್ನಲಿಲ್ಲ.

ಸಂಜೆ ಮನೆಯಲ್ಲಿ ಶಂಕ್ರಪ್ಪ ಎಲ್ಲ ಕೇಳಿ, ಗಂಡ ಹೆಂಡಿರ ನಡುವಿನ ಮಾತು ಊರಿಗೆ ಯಾಕೆ ಎಂದ. ಆ ಹೆಣ್ಣುಮಗಳಿಗೆ ಏನಾದರೂ ಕೊಟ್ಟು ಸಮಾಧಾನ ಮಾಡೋಣ ಎಂದ. ಪ್ರೇಮವ್ವ ಮಗನ ಮುಂದೆ ತಾಟು ಇಟ್ಟು, ಬಡಿಸದೆ, ಒಳಗೆ ಹೋಗಿಬಿಟ್ಟಳು. ಸುರೇಖಾ ಯಾರ ಜೊತೆಗೂ ವಾದ ಮಾಡಲಿಲ್ಲ. ಬಟ್ಟೆ ತುಂಬಿದ ಚೀಲವನ್ನು ಜೀಪಿನ ಹಿಂದೆ ಎಸೆದು ತವರಿಗೆ ಹೊರಟಳು.

ಮರುದಿನ ಬೆಳಿಗ್ಗೆ ಜಯವ್ವ ತಾನೇ ಬಂದು ಜೀಪಿನ ಪಕ್ಕದಲ್ಲಿ ನಿಂತಿದ್ದಳು. ಒಗೆದ ಸೀರೆ ಉಟ್ಟಿದ್ದಳು. "ಸ್ಟೇಷನ್ನಿಗೆ ನಡಿ," ಎಂದಳು. "ನನಗ ಅವರ ಸಮಾಧಾನ ಬ್ಯಾಡ. ನೀ ಸಾಕ್ಷಿ ಹೇಳ್ತೀಯೋ ಇಲ್ಲೋ?"

"ಹೇಳತೇನಿ."

ಠಾಣೆಯಲ್ಲಿ ಬರೆದುಕೊಳ್ಳುತ್ತಿದ್ದ ಪೇದೆ ಡಬ್ಬಿಯನ್ನು ಆಚೀಚೆ ತಿರುಗಿಸಿ ನೋಡಿದ. ಜಯವ್ವನ ಪಟ್ಟಿ ಕಟ್ಟಿದ ಕೈ ನೋಡಿದ. "ಗಾಡಿ ಹೊಡೀತಿದ್ದಾರು ಯಾರು?"

"ನಾನು."

"ಬಂದ್ ಮಾಡಿದಾರು?"

ಜಯವ್ವ ಅವಳ ಮುಖ ನೋಡಿದಳು. ಪೇದೆ ಪೆನ್ನು ಹಿಡಿದು ಕಾಯ್ದ. ಅತ್ತೆಯ ಮನೆಯಲ್ಲಿ ಇಷ್ಟು ವರ್ಷ 'ಇವರು', 'ಅವರು' ಎಂದೇ ಕಳೆದಿದ್ದವಳು ಸುರೇಖಾ. ಗಂಡನ ಹೆಸರು ಅವಳ ನಾಲಿಗೆಗೆ ರೂಢಿಯಿರಲಿಲ್ಲ.

"ವಿಜಯಮಹಾಂತೇಶ," ಎಂದಳು. ಪೇದೆ ಬರೆಯುವುದು ನಿಧಾನವಾದ್ದರಿಂದ ಇನ್ನೊಮ್ಮೆ, ಬಿಡಿಸಿ ಬಿಡಿಸಿ, ಗಟ್ಟಿಯಾಗಿ ಹೇಳಿದಳು.